ಅವಸರದವರ ಬೆಳಗಿನೂಟ

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ, ಪುಣಜನೂರು)

ಇದು ಅವಸರದ ಯುಗವೆಂದು ಎಲ್ಲರೂ ಹೇಳುತ್ತಾರೆ. ಗುಮಾಸ್ತರಿಗೆ ಕಚೇರಿಯ ಅವಸರ, ವರ್ತಕರಿಗೆ ಅಂಗಡಿಯ ಅವಸರ, ನಮ್ಮಂತಹ ವಿದ್ಯಾರ್ಥಿಗಳಿಗೆ ಬಸ್ಸಿನ ಅವಸರ. ಈ ಅವಸರಕ್ಕೆ ಮೊದಲು ಬಲಿಯಾಗುವುದು ಬೆಳಗಿನ ಆಹಾರ. ಆದುದರಿಂದಲೇ ಪತ್ರಿಕೆಗಳಲ್ಲಿಯೂ ಮೊಬೈಲಿನಲ್ಲಿಯೂ 'ಹತ್ತೇ ನಿಮಿಷದಲ್ಲಿ ಮನೆಯ ತಿಂಡಿ' ಎಂಬ ತಲೆಬರಹದ ಪಾಕವಿಧಾನಗಳು ಲೆಕ್ಕವಿಲ್ಲದಷ್ಟು ಬರುತ್ತಿವೆ. ಅವನ್ನು ಕಂಡಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಆ ಹತ್ತು ನಿಮಿಷ ಯಾರದು? ತಿನ್ನುವವನದೆ, ಮಾಡಿಕೊಡುವವಳದೆ? ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನೂರು ಪುಣಜನೂರು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಕರ್ನಾಟಕದ ಗಡಿಯಂಚಿನ ಊರು. ಮಗ್ಗುಲಲ್ಲೇ ಬಿಳಿಗಿರಿರಂಗನ ಬೆಟ್ಟದ ಕಾಡು. ಗಡಿಯಾಚೆ ಆಸನೂರಿನ ದಾರಿಯಲ್ಲಿ, ಕಾರಪಳ್ಳಂ ತನಿಖಾ ಠಾಣೆಯ ಹತ್ತಿರ, ಕಬ್ಬು ತುಂಬಿದ ಲಾರಿಗಳನ್ನು ಕಾಡಾನೆಗಳು ತಡೆದು ನಿಲ್ಲಿಸಿ ಕಬ್ಬು ಎಳೆದುಕೊಂಡು ತಿನ್ನುವುದನ್ನು ಪತ್ರಿಕೆಗಳಲ್ಲಿ ಅನೇಕರು ಓದಿರಬಹುದು. ನಮ್ಮ ಸೀಮೆಯಲ್ಲಿ ಅವಸರವಿಲ್ಲದೆ ತಿಂಡಿ ತಿನ್ನುವ ಜೀವಿ ಅದೊಂದೇ ಎಂದು ನಾವು ಹುಡುಗರು ನಗೆಯಾಡುವುದುಂಟು. ಮಿಕ್ಕವರೆಲ್ಲ ಬಸ್ಸು ಹಿಡಿಯಬೇಕಾದವರೇ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪಾಠ ತಪ್ಪಿದಂತೆಯೇ ಸರಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನಾದ್ದರಿಂದ, ಆ ಬಸ್ಸು ನನ್ನೊಬ್ಬನದಾಗದೆ ಇಡೀ ಮನೆಯ ಬಸ್ಸಾಗಿತ್ತು.

ನಮ್ಮ ಕಡೆ ರಾಗಿಯ ಮುದ್ದೆಗೆ 'ಹಿಟ್ಟು' ಎಂದೇ ಹೆಸರು. ರಾತ್ರಿ ಬಿಸಿ ಹಿಟ್ಟು, ಉಪ್ಸಾರು. ಉಳಿದ ಹಿಟ್ಟಿಗೆ ನೀರು ಹೊಯ್ದು ಮಡಕೆಯಲ್ಲಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಸಣ್ಣಗೆ ಹುಳಿಯಾಗಿರುತ್ತದೆ. ಅದನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಹೆಚ್ಚಿದ ಈರುಳ್ಳಿ, ಒಂದು ಹಸಿಮೆಣಸಿನಕಾಯಿ ಹಾಕಿದರೆ ಬೆಳಗಿನ ಆಹಾರ ಸಿದ್ಧ. ಒಲೆ ಹೊತ್ತಿಸುವ ಪ್ರಮೇಯವೇ ಇಲ್ಲ. ಮೊದಲ ವರ್ಷದಲ್ಲಿ ನನ್ನ ಅವ್ವ ಇದನ್ನೇ ಒಂದು ಸೀಸೆಗೆ ತುಂಬಿ ಕೈಗೆ ಕೊಡುತ್ತಿದ್ದಳು. "ಕುಡ್ಕಂಡು ಹೋಗು ಮಗ, ಹೊಟ್ಟೆ ತಣ್ಣಗಿರ್ತದ" ಎನ್ನುತ್ತಿದ್ದಳು.

ಒಂದು ದಿನ ತರಗತಿಯ ಗೆಳೆಯನೊಬ್ಬ ಸೀಸೆಯನ್ನು ನೋಡಿ, "ಅದೇನಯ್ಯಾ?" ಎಂದು ಕೇಳಿದ. "ಹಾರ್ಲಿಕ್ಸ್" ಎಂದುಬಿಟ್ಟೆ. ಅದರಲ್ಲಿ ಈರುಳ್ಳಿ ತೇಲುತ್ತಿತ್ತು! ಗೆಳೆಯ ಸಭ್ಯಸ್ಥ, ನಗಲಿಲ್ಲ. ಆದರೆ ನನಗೆ ನಾಚಿಕೆಯಾಯಿತು. ಸುಳ್ಳು ಹೇಳಿದ್ದಕ್ಕಲ್ಲ, ತಂಗಳು ತಂದದ್ದಕ್ಕೆ. ಆ ದಿನವೇ ಮನೆಗೆ ಹೋಗಿ, "ನಾಳೆಯಿಂದ ಇಡ್ಲಿಯೋ ಚಿತ್ರಾನ್ನವೋ ಮಾಡಿಕೊಡು, ಇಲ್ಲವಾದರೆ ಏನೂ ಬೇಡ" ಎಂದು ಅವ್ವನಿಗೆ ಹೇಳಿದೆ. ಅವಳು ಏನೂ ಆಡಲಿಲ್ಲ. ಮಾರನೆಯ ದಿನದಿಂದ ಡಬ್ಬಿಯಲ್ಲಿ ಬಿಸಿ ತಿಂಡಿ ಬಂತು. ನಾನು ಗೆಳೆಯರ ನಡುವೆ ಧೈರ್ಯವಾಗಿ ಡಬ್ಬಿಯ ಮುಚ್ಚಳ ತೆರೆಯುವಂತಾದೆ.

ಪರೀಕ್ಷೆಯ ಕಾಲ ಬಂತು. ಓದಿಕೊಳ್ಳಲೆಂದು ಒಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದೆ. ಅಡಿಗೆಮನೆಯಲ್ಲಿ ಬೆಳಕಿತ್ತು. ಅವ್ವ ಒಲೆಯ ಮುಂದೆ ಕುಳಿತು, ತಲೆಯನ್ನು ಗೋಡೆಗೆ ಆನಿಸಿ ನಿದ್ದೆ ಹೋಗಿದ್ದಳು. ಕೈಯಲ್ಲಿ ಸೌಟು ಹಾಗೇ ಇತ್ತು. ಎಂಟು ಗಂಟೆಗೆ ಅವಳು ಅರಿಸಿನದ ಹೊಲಕ್ಕೆ ಕೂಲಿಗೆ ಹೋಗಬೇಕು. ಮೊದಲಾದರೆ ಐದಕ್ಕೆ ಏಳುತ್ತಿದ್ದವಳು ನನ್ನ ಡಬ್ಬಿಗಾಗಿ ನಾಲ್ಕಕ್ಕೆ ಏಳುತ್ತಿದ್ದಳು. ನನ್ನನ್ನು ಕಂಡು ಬೆಚ್ಚಿ ಎದ್ದು, ತಪ್ಪು ಮಾಡಿದವಳಂತೆ ಸೀರೆಯ ಸೆರಗು ಸರಿಮಾಡಿಕೊಂಡಳು. ನಾನು ಹೊರಡುವ ಹೊತ್ತಿಗೆ, ಅವಳು ನಿಂತಲ್ಲೇ ಒಂದು ಲೋಟ ಕುಡಿಯುತ್ತಿದ್ದುದನ್ನು ನೋಡಿದೆ. ಅದು ಆ ತಂಗಳು ಹಿಟ್ಟೇ. ನಾನು ಒಲ್ಲೆನೆಂದದ್ದನ್ನು ಅವಳು ಅಷ್ಟು ದಿನವೂ ಕುಡಿದುಕೊಂಡು ಕೂಲಿಗೆ ಹೋಗುತ್ತಿದ್ದಳು. ಒಂದು ವರ್ಷ ನಾನು ತಿಂದದ್ದು ಇಡ್ಲಿಯಲ್ಲ, ನನ್ನ ತಾಯಿಯ ನಿದ್ದೆ ಎಂದು ಅಂದು ತಿಳಿಯಿತು.

ಇದು ನನ್ನೊಬ್ಬನ ಮನೆಯ ಸಂಗತಿಯೆಂದು ಯಾರಾದರೂ ಭಾವಿಸಿದರೆ, ಭಾರತ ಸರ್ಕಾರದ ಅಂಕಿಅಂಶಗಳ ಇಲಾಖೆಯವರು 2019ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯನ್ನು ನೋಡಬಹುದು. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವವರು ಹೆಂಗಸರಲ್ಲಿ ನೂರಕ್ಕೆ 81 ಮಂದಿಯಾದರೆ, ಗಂಡಸರಲ್ಲಿ ನೂರಕ್ಕೆ 26 ಮಂದಿ ಮಾತ್ರ. ಹೀಗೆ ಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕೆ ಕೊಡುತ್ತಾರೆ. 299 ನಿಮಿಷವೆಂದರೆ ಐದು ಗಂಟೆಗೆ ಒಂದೇ ನಿಮಿಷ ಕಡಮೆ. ಹೀಗಿರಲಾಗಿ 'ಅವಸರದವರಿಗೆ ಸುಲಭದ ತಿಂಡಿ' ಎಂದು ನಾವು ಬರೆಯುವಾಗ, ಮನೆಯಲ್ಲಿ ಎಲ್ಲರಿಗಿಂತಲೂ ಅವಸರದಲ್ಲಿರುವವಳನ್ನೇ ಮರೆತು ಬರೆಯುತ್ತೇವೆಂದರೆ ಅತಿಶಯೋಕ್ತಿಯಾಗಲಾರದು. ತಿನ್ನುವವನಿಗೆ ಸುಲಭವಾದುದೆಲ್ಲ ಮಾಡುವವಳಿಗೆ ಸುಲಭವಲ್ಲ.

ಇನ್ನು ತಂಗಳಿನ ನಾಚಿಕೆಯ ವಿಚಾರ. ರಾಗಿ ಕೀಳು, ಅಕ್ಕಿ ಮೇಲು ಎಂಬ ಭಾವನೆ ಇಂದು ನಿನ್ನೆಯದಲ್ಲ. ಹದಿನಾರನೆಯ ಶತಮಾನದಲ್ಲಿಯೇ ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೊನೆಗೆ ಕೆಡದೆ ಉಳಿದ ರಾಗಿಗೆ ಶ್ರೀರಾಮನಿಂದ ಮನ್ನಣೆ ಕೊಡಿಸಿದರು. ಕಾವ್ಯದಲ್ಲಿ ತೀರ್ಪು ಆಗಿ ಐದು ಶತಮಾನಗಳಾಗುತ್ತ ಬಂದರೂ ನಮ್ಮ ಮನಸ್ಸಿನಲ್ಲಿ ಮಾತ್ರ ವ್ಯಾಜ್ಯ ಮುಗಿದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಕೊಟ್ಟು ನಮ್ಮ ರೈತರ ಕಣಜ ತುಂಬಿಸಿದರು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಅಂದಿನಿಂದ ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ರಾಗಿ 'ಮಿಲೆಟ್' ಎಂಬ ಹೊಸ ಹೆಸರಿಟ್ಟುಕೊಂಡು ಬಣ್ಣದ ಪೊಟ್ಟಣದಲ್ಲಿ ಕುಳಿತಿದೆ. ಅಲ್ಲಿ ಅದಕ್ಕೆ ಮರ್ಯಾದೆ. ನಮ್ಮ ಸೀಸೆಯಲ್ಲಿ ನಾಚಿಕೆ. ಧಾನ್ಯ ಅದೇ ಅಲ್ಲವೆ?

ಸತ್ತ್ವದ ದೃಷ್ಟಿಯಿಂದ ನೋಡಿದರೂ ನಾಚಲು ಕಾರಣವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ; ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ರಾತ್ರಿಯೆಲ್ಲ ಹುಳಿಯುವುದರಿಂದ ರಾಗಿಯಲ್ಲಿರುವ ಫೈಟಿಕ್ ಆಮ್ಲ ತಗ್ಗಿ, ಕಬ್ಬಿಣದ ಅಂಶ ದೇಹಕ್ಕೆ ಹೆಚ್ಚು ಸುಲಭವಾಗಿ ಒದಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಬೆಳಗ್ಗೆ ಏನನ್ನೂ ತಿನ್ನದೆ ಬಂದು ಮೊದಲ ಪಾಠದಲ್ಲೇ ತಲೆಸುತ್ತಿ ಕುಳಿತ ಸಹಪಾಠಿನಿಯರನ್ನು ನಾವು ನೋಡಿಲ್ಲವೆ? ಒಡಿಶಾದ ಜನರಿಗೆ ನೀರಿನಲ್ಲಿ ನೆನೆದ ತಂಗಳನ್ನ 'ಪಖಾಳ'ವೆಂದರೆ ಅಭಿಮಾನ. ಪ್ರತಿ ವರ್ಷ ಮಾರ್ಚ್ 20ರಂದು ಅದರ ಹೆಸರಿನಲ್ಲಿ ದಿನವನ್ನೇ ಆಚರಿಸುತ್ತಾರೆ. ಅವರ ಅಭಿಮಾನದಲ್ಲಿ ಸ್ವಲ್ಪವನ್ನು ನಾವು ಸಾಲ ತಂದರೂ ಸಾಕು.

"ಇದೆಲ್ಲ ಬಡತನವನ್ನು ಹೊಗಳಿದಂತೆ ಆಯಿತಲ್ಲ?" ಎಂದು ಮಿತ್ರನೊಬ್ಬ ಆಕ್ಷೇಪಿಸಿದ. ಆಕ್ಷೇಪ ನ್ಯಾಯವಾದುದೇ. ಬೇರೆ ಏನೂ ಇಲ್ಲದೆ ತಂಗಳು ಕುಡಿಯುವುದು ಬೇರೆ, ಇಷ್ಟಪಟ್ಟು ಕುಡಿಯುವುದು ಬೇರೆ. ಹಸಿದವನಿಗೆ ಅಂಬಲಿಯ ಗುಣಗಾನ ಮಾಡಿ ಕೈತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ಅಂಬಲಿಯ ಜೊತೆಗೆ ಒಂದು ಹಿಡಿ ಕಡಲೆಕಾಯಿ, ಒಂದು ಮೊಟ್ಟೆ, ಒಂದು ಬಾಳೆಹಣ್ಣು ಇರಬೇಕು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ನಮ್ಮಂತಹ ಮನೆಗಳಲ್ಲಿ ಅನ್ನದ ಪಾತ್ರೆ ಬರಿದಾಗುವುದು ತಪ್ಪಿತು. ಅದನ್ನು ಹಳಿಯುವಷ್ಟು ಕೃತಘ್ನ ನಾನಲ್ಲ. ಇಡ್ಲಿಯ ಮೇಲೂ ನನಗೆ ಹಗೆಯಿಲ್ಲ. ಯಾರ ನಿದ್ದೆಯನ್ನೂ ಕದಿಯದೆ ಬರುವ ಇಡ್ಲಿಯಾದರೆ ಎರಡು ಹೆಚ್ಚೇ ತಿಂದೇನು.

ಸರ್ಕಾರಗಳೂ ಮಕ್ಕಳ ಬೆಳಗಿನ ಹಸಿವನ್ನು ಈಗ ಗುರುತಿಸಿವೆ. ನಮ್ಮೂರಿನ ಗಡಿ ದಾಟಿದರೆ ತಮಿಳುನಾಡು. ಅಲ್ಲಿ 2022ರ ಸೆಪ್ಟೆಂಬರಿನಲ್ಲಿ ಆರಂಭವಾದ ಬೆಳಗಿನ ಉಪಾಹಾರದ ಯೋಜನೆ 2023ರ ಆಗಸ್ಟಿನಲ್ಲಿ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಹಬ್ಬಿತು. ತಾಳವಾಡಿ ಸೀಮೆಯ ಕನ್ನಡದ ಮಕ್ಕಳಿಗೂ ಅದು ಸಲ್ಲುತ್ತದೆ. ನಮ್ಮಲ್ಲಿ 2013ರಿಂದ ಶಾಲೆಯಲ್ಲಿ ಹಾಲು, 2024ರ ಫೆಬ್ರವರಿಯಿಂದ ಹಾಲಿನೊಡನೆ ರಾಗಿ ಮಾಲ್ಟ್, ಹತ್ತನೆಯ ತರಗತಿಯವರೆಗೆ ಮಧ್ಯಾಹ್ನದ ಬಿಸಿಯೂಟ. ಬಹಳ ಸಂತೋಷ. ಆದರೆ ಹತ್ತನೆಯ ತರಗತಿ ಮುಗಿದೊಡನೆ ಹಸಿವೂ ಮುಗಿಯುವುದೆ? ಅಲ್ಲಿಂದ ಮುಂದೆ ಬೆಳಗಿನ ಊಟದ ಹೊಣೆಯೆಲ್ಲ ಮತ್ತೆ ತಾಯಂದಿರ ತಲೆಗೇ ಬೀಳುತ್ತದೆ. ಹುಡುಗಿಯರಾದರೆ ಆ ಹೊಣೆಯಲ್ಲಿ ತಾವೂ ಪಾಲು ಹೊರುತ್ತಾರೆ. ನಾವು ಹುಡುಗರು ಡಬ್ಬಿಗೆ ಕೈಚಾಚುತ್ತೇವೆ.

ಪರೀಕ್ಷೆ ಮುಗಿದ ಮೇಲೆ ನಾನು ಅವ್ವನಿಂದ ಹುರಿಹಿಟ್ಟು ಮಾಡುವುದನ್ನು ಕಲಿತೆ. ರಾಗಿಯನ್ನು ತೊಳೆದು, ನೀರು ಮಜ್ಜಿಗೆ ಚಿಮುಕಿಸಿ, ರಾತ್ರಿ ಬಟ್ಟೆಯಲ್ಲಿ ಕಟ್ಟಿಡಬೇಕು. ಮಾರನೆಯ ದಿನ ನೆರಳಿನಲ್ಲಿ ಸ್ವಲ್ಪ ಆರಿಸಿ, ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ ಹುರಿದರೆ ಚಟಪಟನೆ ಬಿಳಿಯ ಅರಳಾಗುತ್ತದೆ. ಅದನ್ನು ಮಿಲ್ಲಿನಲ್ಲಿ ಬೀಸಿಸಿ ಡಬ್ಬಿಯಲ್ಲಿ ತುಂಬಿಡಬೇಕು. ಬೆಳಗ್ಗೆ ಎರಡು ಹಿಡಿ ಹಿಟ್ಟಿಗೆ ಮೊಸರು ಉಪ್ಪು ಹಾಕಿ ಕಲಸಿದರೂ ಆಯಿತು, ಹಾಲು ಬೆಲ್ಲ ಹಾಕಿ ಕಲಸಿದರೂ ಆಯಿತು. ಒಲೆ ಬೇಡ, ಸೌದೆ ಬೇಡ. ಎರಡು ನಿಮಿಷದ ಕೆಲಸ, ಅದೂ ತಿನ್ನುವವನದೇ ಎರಡು ನಿಮಿಷ. ಮೊದಲ ಸಲ ಅರ್ಧ ರಾಗಿ ಕರಿದಾಯಿತು, ಕಾಲುಭಾಗ ಅಡಿಗೆಮನೆಯ ತುಂಬ ಸಿಡಿಯಿತು. ತಂಗಿ ಹೊಟ್ಟೆ ಹಿಡಿದು ನಕ್ಕಳು. ಪಕ್ಕದ ಮನೆಯ ಹಿರಿಯರೊಬ್ಬರು ಇಣುಕಿ ನೋಡಿ, "ಬಿ.ಎ. ಓದಿಸಿದ್ದು ಇದಕ್ಕೇನವ್ವಾ?" ಎಂದು ಅವ್ವನನ್ನೇ ಕೇಳಿದರು. ಆ ಮಾತಿಗೆ ಅಂದು ನನಗೆ ಉತ್ತರ ಹೊಳೆಯಲಿಲ್ಲ. ಇಂದು ಹೇಳಬಲ್ಲೆ: ಹೌದು, ಇದಕ್ಕೂ ಹೌದು. ತಾನು ಉಣ್ಣುವ ಅನ್ನದ ಹಿಂದೆ ಯಾರ ದುಡಿಮೆಯಿದೆಯೆಂದು ತಿಳಿಸದ ವಿದ್ಯೆ ಎಂತಹ ವಿದ್ಯೆ?

ಈಗ ಎರಡು ಕಿಲೋ ರಾಗಿ ಹುರಿದರೆ ನಮ್ಮ ಮನೆಯ ಮೂವರಿಗೆ ಹತ್ತು ದಿನಕ್ಕೆ ಬರುತ್ತದೆ. ಭಾನುವಾರ ಹುರಿಯುವುದು ನನ್ನ ಕೆಲಸ. ಮಡಕೆಗೆ ನೀರು ಹೊಯ್ದಿಡುವುದು, ಈರುಳ್ಳಿ ಹೆಚ್ಚುವುದು ಸರದಿಯ ಮೇಲೆ ನನ್ನದೂ ತಂಗಿಯದೂ. ಅವ್ವ ಮತ್ತೆ ಐದು ಗಂಟೆಗೆ ಏಳುತ್ತಾಳೆ. ಒಂದು ಗಂಟೆಯ ನಿದ್ದೆ ಲೋಕದ ಲೆಕ್ಕದಲ್ಲಿ ಸಣ್ಣದಿರಬಹುದು, ನಮ್ಮ ಮನೆಯ ಲೆಕ್ಕದಲ್ಲಿ ಅದು ಬಲು ದೊಡ್ಡದು.

ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಎರಡೇ. ಒಂದು, ನಾಳೆಯ ತಿಂಡಿಯ ಕೆಲಸದಲ್ಲಿ ಅರ್ಧವನ್ನು ಇಂದಿನ ರಾತ್ರಿಯೇ ನಮ್ಮ ಕೈಯಿಂದ ಮಾಡಿ ಮುಗಿಸೋಣ, ಹುಡುಗರು ಮೊದಲು. ಎರಡು, ನಮ್ಮ ವಿದ್ಯಾರ್ಥಿ ಸಂಘದವರು ದೂರದ ಊರುಗಳಿಂದ ಬರುವವರಿಗಾಗಿ, ಮೊದಲ ಗಂಟೆ ಬಾರಿಸುವ ಮುನ್ನ ಕುಳಿತು ತಿನ್ನಲು ಒಂದು ಕೋಣೆಯನ್ನೂ ಕುಡಿಯುವ ನೀರನ್ನೂ ಏರ್ಪಡಿಸುವಂತೆ ಪ್ರಾಂಶುಪಾಲರನ್ನು ಪ್ರಾರ್ಥಿಸಲಿ. ಆ ಕೋಣೆಯಲ್ಲಿ ಇಡ್ಲಿಯ ಡಬ್ಬಿಯೂ ಅಂಬಲಿಯ ಸೀಸೆಯೂ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳಲಿ.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ನಾನು ಕಾಲೇಜು ಬಿಟ್ಟಿರುತ್ತೇನೆ. ಹಾರ್ಲಿಕ್ಸ್ ಎಂದಾಗ ನಗದೆ ಇದ್ದ ಆ ಗೆಳೆಯನಿಗೆ ಒಂದು ಮಾತು ಬಾಕಿಯಿದೆ. ಅದು ಹಾರ್ಲಿಕ್ಸ್ ಅಲ್ಲ, ಗೆಳೆಯಾ. ನಮ್ಮವ್ವ ಕಿವುಚಿಕೊಟ್ಟ ತಂಗಳು ಹಿಟ್ಟು. ಎಂದಾದರೂ ಪುಣಜನೂರಿಗೆ ಬಾ. ಒಂದು ಲೋಟ ನಾನೇ ಮಾಡಿಕೊಡುತ್ತೇನೆ.