ಸಂಶೋಧನೆಯ ನಡುದಾರಿ

ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ ದಿನ ಮನೆಯವರಿಗೆಲ್ಲ ಸಂತೋಷ. ಪದವಿ ದೊರೆತ ದಿನ ಬಂಧುಬಳಗಕ್ಕೆಲ್ಲ ಸಂತೋಷ. ಇವೆರಡರ ನಡುವಿನ ವರ್ಷಗಳನ್ನು ಮಾತ್ರ ಸಂಶೋಧನಾರ್ಥಿಗಳು ಬಹುಮಟ್ಟಿಗೆ ಒಂಟಿಯಾಗಿಯೇ ಕಳೆಯಬೇಕಾಗುತ್ತದೆ. ಕೋರ್ಸ್‌ವರ್ಕ್ ಮುಗಿದಿರುತ್ತದೆ, ಮಹಾಪ್ರಬಂಧ ಇನ್ನೂ ದೂರವಿರುತ್ತದೆ. ಟಿಪ್ಪಣಿಗಳ ರಾಶಿ ಬೆಳೆಯುತ್ತದೆಯೇ ಹೊರತು ಬರೆಹ ಬೆಳೆಯುವುದಿಲ್ಲ. ಇದು ಆಲಸ್ಯದ ಫಲವೆಂದು ಹಿರಿಯರು ಭಾವಿಸುವುದುಂಟು. ಆದರೆ ಶ್ರಮಿಸುವವರೂ ಇಲ್ಲಿ ಹಳಿ ತಪ್ಪುತ್ತಾರೆ. ಅವರಿಗೆ ಕೊರತೆಯಿರುವುದು ಶ್ರಮದ್ದಲ್ಲ, ಎಲ್ಲೆಯದು.

ಮೈಸೂರಿನ ಅಶೋಕಪುರಂನಲ್ಲಿ ರೈಲ್ವೆ ಕಾರ್ಯಾಗಾರವಿದೆ. ನಿಯತಕಾಲಕ್ಕೊಮ್ಮೆ ಬೋಗಿಗಳು ಸಮಗ್ರ ದುರಸ್ತಿಗಾಗಿ ಅಲ್ಲಿಗೆ ಬರುತ್ತವೆ. ಗಾಲಿಗಳನ್ನು ಕಳಚಿ, ಬಿಡಿಭಾಗಗಳನ್ನು ಬೇರ್ಪಡಿಸಿದ ಹೊತ್ತಿನಲ್ಲಿ ನೋಡಿದವರಿಗೆ ಅದು ಮತ್ತೆ ಓಡೀತೆಂಬ ನಂಬಿಕೆ ಹುಟ್ಟುವುದು ಕಷ್ಟ. ಆದರೆ ಯಾವ ಭಾಗ ಎಲ್ಲಿಗೆ ಸೇರಬೇಕೆಂಬುದು ಕೆಲಸಗಾರರಿಗೆ ಗೊತ್ತಿರುತ್ತದೆ. ಅದೇ ಅಶೋಕಪುರಂನಿಂದ ಮಾನಸಗಂಗೋತ್ರಿಗೆ ಹೋಗಿಬರುವ ಸಂಶೋಧನಾರ್ಥಿಗೂ ಇಂಥ ತಿಳಿವಳಿಕೆ ಬೇಕು. ಎಲ್ಲವೂ ಬಿಚ್ಚಿಕೊಂಡು ಬಿದ್ದಂತೆ ತೋರುವುದು ನಡುಹಂತದ ಸಹಜ ಸ್ಥಿತಿ. ಅದು ಸೋಲಿನ ಲಕ್ಷಣವಲ್ಲ.

ಎಲ್ಲೆ ಹಾಕಿಕೊಳ್ಳುವುದೆಂದರೇನು ಎಂಬುದಕ್ಕೆ ಡಾ. ಎಂ. ಚಿದಾನಂದಮೂರ್ತಿಯವರ (1931-2020) ಮಹಾಪ್ರಬಂಧ ಉತ್ತಮ ನಿದರ್ಶನ. ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಎಂಬ ಈ ಕೃತಿಯನ್ನು ಮೈಸೂರು ವಿಶ್ವವಿದ್ಯಾನಿಲಯವು 1966ರಲ್ಲಿ ಪ್ರಕಟಿಸಿತು. ಬಿ.ಎಲ್. ರೈಸ್ ಅವರು ಸಂಪಾದಿಸಿದ ಶಾಸನ ಸಂಪುಟಗಳೇ ಹನ್ನೆರಡು. ಅವುಗಳಲ್ಲಿರುವ ಶಾಸನಗಳು ಸಾವಿರಾರು. ಅಂಥ ಸಾಗರದ ಮುಂದೆ ನಿಂತ ಚಿದಾನಂದಮೂರ್ತಿಯವರು ಕ್ರಿ.ಶ. 450ರಿಂದ 1150ರವರೆಗೆ ಎಂದು ಗೆರೆ ಎಳೆದರು. ಆ ಗೆರೆಯ ಆಚೆಗೇ ಶರಣರ ಯುಗವಿತ್ತು, ವಿಜಯನಗರದ ವೈಭವವಿತ್ತು. ಶರಣರ ಬಗ್ಗೆ ಅವರಿಗೆ ಆಸಕ್ತಿಯಿಲ್ಲದಿರಲಿಲ್ಲ. ಆ ವಿಷಯವನ್ನು ಬೇರೆ ಗ್ರಂಥಗಳಿಗೆ ಇಟ್ಟುಕೊಂಡರು. ಪ್ರಿಯವಾದುದನ್ನೂ ‘ಇದು ಈ ಪ್ರಬಂಧಕ್ಕಲ್ಲ’ ಎಂದು ಬದಿಗಿಡುವುದು ಸಂಯಮದ ಕೆಲಸ.

ಕಾಲಕ್ಕೂ ಎಲ್ಲೆಯುಂಟು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳಂತೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಾದರೆ ಇನ್ನೂ 2 ವರ್ಷ. ಮಹಿಳೆಯರಿಗೆ ಇದಲ್ಲದೆ ಮತ್ತೆ 2 ವರ್ಷಗಳ ಅವಕಾಶವಿದೆ. ಹೆರಿಗೆ ಹಾಗೂ ಶಿಶುಪಾಲನೆಗೆ 240 ದಿನಗಳವರೆಗೆ ರಜೆಯೂ ದೊರೆಯುತ್ತದೆ. ಆದರೆ ಆಯೋಗದ ಜೆ.ಆರ್.ಎಫ್. ವೇತನವು ಹೆಚ್ಚೆಂದರೆ 5 ವರ್ಷ ಮಾತ್ರ. ಅವಧಿ ಉಳಿದಿದ್ದರೂ ಹಣ ನಿಂತುಹೋಗುವ ಸಂದರ್ಭವನ್ನು ಮೊದಲೇ ಎಣಿಸಿಕೊಳ್ಳಬೇಕು.

ಆದ್ದರಿಂದ ಒಂದೇ ಪುಟದಲ್ಲಿ ತನ್ನ ಮೂಲಪ್ರಶ್ನೆ, ವ್ಯಾಪ್ತಿ ಮತ್ತು ಅಧ್ಯಾಯಗಳನ್ನು ಬರೆದು ಕಣ್ಣೆದುರಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಹೊಸದಾಗಿ ಹೊಳೆದ ವಿಷಯಗಳಿಗೆ ಬೇರೊಂದು ನೋಟುಪುಸ್ತಕವಿರಲಿ. ಓದೆಲ್ಲ ಮುಗಿದ ಮೇಲೆ ಬರೆಯುತ್ತೇನೆಂದರೆ ಓದು ಮುಗಿಯುವುದೇ ಇಲ್ಲ. ತಿಂಗಳಿಗೆ ಹತ್ತು ಪುಟ, ಒರಟಾಗಿದ್ದರೂ ಸರಿಯೆ, ಬರೆದು ಮಾರ್ಗದರ್ಶಕರ ಕೈಗೆ ಕೊಡಬೇಕು. ಪ್ರತಿ ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಒಪ್ಪಿಸಬೇಕೆಂಬ ನಿಯಮವಿದೆ. ಅದನ್ನು ಭಯಪಡುವ ಪರೀಕ್ಷೆಯೆಂದು ಬಗೆಯದೆ, ಬರೆಹಕ್ಕೆ ದೊರೆತ ಗಡುವೆಂದು ತಿಳಿದರೆ ದಾರಿ ಸುಗಮವಾಗುತ್ತದೆ.

ಇನ್ನು ಮನೆಯವರಿಗೊಂದು ಮಾತು. ‘ಯಾವಾಗ ಮುಗಿಯುತ್ತದೆ?’ ಎಂಬ ಪ್ರಶ್ನೆಗೆ ನಡುಹಂತದಲ್ಲಿ ಉತ್ತರವಿರುವುದಿಲ್ಲ. ಪದೇ ಪದೇ ಕೇಳಿಸಿಕೊಂಡವರು ಹಬ್ಬಹುಣ್ಣಿಮೆಗೂ ಬಂಧುಗಳೆದುರು ಬರಲು ಹಿಂಜರಿಯುತ್ತಾರೆ. ‘ಈ ತಿಂಗಳು ಏನು ಬರೆದೆ?’ ಎಂದು ಕೇಳಿದರೆ ಉತ್ತರವೂ ಇರುತ್ತದೆ, ಉತ್ಸಾಹವೂ ಬರುತ್ತದೆ. ಮದುವೆಯಾದ ಮೇಲೂ ಸಂಶೋಧನೆ ಮುಂದುವರಿಸಿರುವ ಸೊಸೆಗೆ ದಿನಕ್ಕೆರಡು ಗಂಟೆಯ ಬಿಡುವನ್ನು ಅತ್ತೆ ಮಾವ ಕಾಯ್ದುಕೊಟ್ಟರೆ, ಆ ಮಹಾಪ್ರಬಂಧದಲ್ಲಿ ಅವರಿಗೂ ಪಾಲುಂಟು. ನಡುದಾರಿಯಲ್ಲಿರುವವರಿಗೆ ಇಂದು ಬೇಕಾದುದು ಈ ನೆರವೇ ಹೊರತು ಪದವಿಯ ದಿನದ ಹಾರತುರಾಯಿಯಲ್ಲ.