ಕೀಲಿ ಕೊಡಬೇಡಿ

ಕಾರು ಕಲಿತ ಹೆಂಗಸಿಗೆ ಲೋಕ ಒಂದು ಸರ್ಟಿಫಿಕೇಟು ಬರೆದಿಟ್ಟಿರುತ್ತದೆ: "ಓಡಿಸ್ತಾಳೆ, ಆದ್ರೆ ನಿಲ್ಸೋಕೆ ಬರಲ್ಲ." ನಾನೂ ಬಹಳ ದಿನ ಅದನ್ನು ನಂಬಿದ್ದೆ.

ಲೈಸೆನ್ಸು ಬಂದ ಎರಡನೇ ತಿಂಗಳು ಅಮ್ಮನನ್ನು ಕೂರಿಸಿಕೊಂಡು ಮಾಗಡಿಯಿಂದ ಸಾವನದುರ್ಗಕ್ಕೆ ಹೋದೆ. ವೀರಭದ್ರಸ್ವಾಮಿಗೆ ಹಣ್ಣುಕಾಯಿ ಮಾಡಿಸಿ, ನರಸಿಂಹಸ್ವಾಮಿಯನ್ನೂ ನೋಡಿ ಬರಬೇಕೆಂಬುದು ಅವಳ ಬಹುದಿನದ ಆಸೆ. ಅಂದು ಭಾನುವಾರ. ಬೆಟ್ಟ ಹತ್ತಲು ಬೆಂಗಳೂರಿನಿಂದ ಬಂದವರ ಕಾರುಗಳು ರಸ್ತೆಯ ಎಡಕ್ಕೆ ಸಾಲಾಗಿ ನಿಂತಿದ್ದವು. ನಡುವೆ ಒಂದೇ ಒಂದು ಜಾಗ. ಮೂತಿ ತೂರಿಸಿದೆ, ಹಿಂಭಾಗ ರಸ್ತೆಯಲ್ಲೇ ಉಳಿಯಿತು. ಹಿಂದೆ ಹಾರ್ನು, ಸುತ್ತ ಜನ. ಎಳನೀರು ಕುಡಿಯುತ್ತಿದ್ದ ಹುಡುಗನೊಬ್ಬ ಬಂದು, "ಇಳೀರಿ ಅಕ್ಕಾ, ನಾನು ಹಾಕ್ಕೊಡ್ತೀನಿ" ಎಂದ. ಇಳಿದೆ. ಅರ್ಧ ನಿಮಿಷದಲ್ಲಿ ನಿಲ್ಲಿಸಿಕೊಟ್ಟ.

ಗುಡಿಯ ಹತ್ತಿರ ಅಮ್ಮ ಮೆಲ್ಲಗೆ, "ಇಷ್ಟು ದೂರ ಕರ್ಕೊಂಡ್ ಬಂದೋಳು ನೀನು. ಕೊನೇಲಿ ಕೀಲಿ ಅವನ್ ಕೈಗೆ ಕೊಟ್ಯಲ್ಲೇ" ಎಂದಳು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಆ ಬಂಡೆಯ ಮೇಲಿನ ಕೋಟೆಯನ್ನೇ ಹಿಡಿದಿತ್ತು. ನನಗೆ ಅದರ ಬುಡದಲ್ಲಿ ಒಂದು ಕಾರಿನ ಜಾಗ ಹಿಡಿಯಲಾಗಲಿಲ್ಲ!

ಹುಡುಗ ಒಳ್ಳೆಯವನೇ. ಆದರೆ ಅವನೇನು ಹೊಟ್ಟೆಯಲ್ಲೇ ಕಲಿತು ಬಂದನೇ? ಗಂಡುಹುಡುಗರಿಗೆ ಹೊಲದಲ್ಲಿ ಟ್ರ್ಯಾಕ್ಟರು, ಮಾವನ ವ್ಯಾನು, ಗೀರಿದರೆ "ಹೋಗ್ಲಿ ಬಿಡು" ಎನ್ನುವ ಮನೆ. ನಮಗೆ ಡ್ರೈವಿಂಗ್ ಸ್ಕೂಲಿನ ಎಣಿಸಿದ ದಿನಗಳು. ಅದರಲ್ಲೂ ಬ್ರೇಕು ಮೇಷ್ಟರ ಕಾಲಡಿ. ಆಮೇಲೆ ಗಂಡನ ಕಾರು, ಗೀರು ಬಿದ್ದರೆ ವರ್ಷವಿಡೀ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಪರೀಕ್ಷೆಯಲ್ಲಿ ಇಕ್ಕಟ್ಟಾದ ಜಾಗಕ್ಕೆ ಹಿಮ್ಮುಖವಾಗಿ ಗಾಡಿ ನಡೆಸಿ ತೋರಿಸಬೇಕೆನ್ನುತ್ತವೆ. ಹೆಂಗಸರಿಗೆ ರಿಯಾಯಿತಿಯೇನೂ ಇಲ್ಲ. ಕಲಿಸುವವರು ಮಾತ್ರ "ಅದೆಲ್ಲ ನಿಮಗ್ಯಾಕೆ ಮೇಡಂ" ಎಂದು ದಾಟಿಸಿಬಿಡುತ್ತಾರೆ.

ಇದರಲ್ಲಿ ಮಾಯಮಂತ್ರವಿಲ್ಲ. ತಿರುಗುವುದು ಮುಂದಿನ ಚಕ್ರ. ಆದ್ದರಿಂದ ಬೆನ್ನು ಮೊದಲು ಒಳಗೆ ಹೋಗಬೇಕು, ಮೂತಿ ಆಮೇಲೆ. ಕಾರಿನ ಒಂದೂವರೆಯಷ್ಟು ಉದ್ದದ ಜಾಗವಿದ್ದರೆ ಸಾಕು. ಮುಂದಿನ ಕಾರಿನ ಪಕ್ಕ ಎರಡಡಿ ಬಿಟ್ಟು ಸಮನಾಗಿ ನಿಲ್ಲಿ. ನಿಧಾನವಾಗಿ ರಿವರ್ಸ್, ಸ್ಟೀರಿಂಗು ಪೂರ್ತಿ ಎಡಕ್ಕೆ. 45 ಡಿಗ್ರಿ ಓರೆಯಾದಾಗ ನೇರ ಮಾಡಿ. ನಿಮ್ಮ ಮೂತಿ ಮುಂದಿನ ಕಾರಿನ ಹಿಂಭಾಗ ದಾಟಿದೊಡನೆ ಪೂರ್ತಿ ಬಲಕ್ಕೆ. ನಾನು ಖಾಲಿ ಸೈಟಿನಲ್ಲಿ ಎರಡು ನೀರಿನ ಡ್ರಮ್ಮು ಇಟ್ಟು ಮೂರು ವಾರ ಕಲಿತೆ. ಡ್ರಮ್ಮು ಎಷ್ಟು ಸಲ ಉರುಳಿತೋ ಲೆಕ್ಕವಿಲ್ಲ. ಅದಕ್ಕೆ ನೋವಾಗುವುದಿಲ್ಲ, ಅದು ನಗುವುದೂ ಇಲ್ಲ.

ನೀವೇ ಯೋಚಿಸಿ. ಓಡಿಸಲು ಬಂದು ನಿಲ್ಲಿಸಲು ಬಾರದಿದ್ದರೆ ಆಸ್ಪತ್ರೆಗೋ ಬ್ಯಾಂಕಿಗೋ ಒಬ್ಬಳೇ ಹೋಗುವುದು ಹೇಗೆ? ಪ್ರತಿ ಬಾಗಿಲಲ್ಲೂ ಒಬ್ಬ ಗಂಡಸು ಕಾದಿರಬೇಕಾಗುತ್ತದೆ. ಅದು ಸ್ವಾತಂತ್ರ್ಯವಲ್ಲ, ಬಾಡಿಗೆಗೆ ತಂದ ಧೈರ್ಯ.

ಮುಂದಿನ ಸಲ ಸಾವನದುರ್ಗದಲ್ಲಿ ನಾಲ್ಕು ಸಲ ಹಿಂದೆ ಮುಂದೆ ಮಾಡಿದೆ. ಹಾರ್ನು ಕೇಳಿಸಿತು. "ಬಿಡಿ ಮೇಡಂ, ನಾನು..." ಎಂದು ಯಾರೋ ಬಂದರು. ಅಮ್ಮ ಕಿಟಕಿಯಿಂದ, "ಸ್ವಲ್ಪ ತಡೀಪ್ಪಾ, ಅವಳೇ ಹಾಕ್ತಾಳೆ" ಎಂದಳು. ಹಾಕಿದೆ, ಕೊಂಚ ಸೊಟ್ಟಗೆ.

ಸೊಟ್ಟಗಾದರೂ ಪರವಾಗಿಲ್ಲ, ತಡವಾದರೂ ಪರವಾಗಿಲ್ಲ. ಸೀಟು ಬಿಟ್ಟು ಇಳಿಯಬೇಡಿ.