ಬಸ್ಸಾರಿನ ಜಾಣ್ಮೆ

ಹಳೆಯ ಮೈಸೂರು ಪ್ರಾಂತದ ಅಡುಗೆಮನೆಗಳಲ್ಲಿ ಬಸ್ಸಾರೆಂಬುದು ಮಿತವ್ಯಯದ ಒಂದು ಶಾಸ್ತ್ರವೇ ಸರಿ. ಹುರುಳಿಕಾಳನ್ನು ಸೊಪ್ಪಿನೊಡನೆ ಬೇಯಿಸಿ, ಕಟ್ಟನ್ನು ಬಸಿದು, ಅರೆದ ಖಾರವನ್ನು ಅದಕ್ಕೆ ಕೂಡಿಸಿ ಕುದಿಸಿದರೆ ಸಾರಾಯಿತು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆಯಿತ್ತರೆ ಪಲ್ಯವಾಯಿತು. ಬೆಂದ ನೀರಿಗಿಳಿದ ಸತ್ವವೂ ಚರಂಡಿಯ ಪಾಲಾಗುವುದಿಲ್ಲ. ಜೊತೆಯ ಮುದ್ದೆಯನ್ನು ಬಡವರ ಊಟವೆಂದು ಹಳಿಯುವವರುಂಟು. ಆದರೆ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಗಿಲಾದ ಕ್ಯಾಲ್ಸಿಯಂ ಇದೆ. ಬಿಳಿಯ ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ.

ಇಷ್ಟು ಜಾಣ್ಮೆಯಿಂದ ಸಂಸಾರವನ್ನು ತೂಗಿಸುವ ಗೃಹಿಣಿಯು ಅನೇಕ ಮನೆಗಳಲ್ಲಿ ಎಲ್ಲರಿಗೂ ಬಡಿಸಿ, ಕಡೆಗೆ ಪಲ್ಯವಿಲ್ಲದೆ ಬರಿಯ ಸಾರಿನಲ್ಲಿ ಊಟ ಮುಗಿಸುತ್ತಾಳೆ. ಇದನ್ನು ತ್ಯಾಗವೆಂದು ಹೊಗಳುವುದು ಅನ್ಯಾಯ. ಉಳಿತಾಯವು ಪಾತ್ರೆಯಲ್ಲಿ ಆಗಬೇಕಲ್ಲದೆ ಅವಳ ತಟ್ಟೆಯಲ್ಲಿ ಅಲ್ಲ. ಪಲ್ಯವನ್ನು ಬಡಿಸುವ ಮೊದಲೇ ಅವಳ ಪಾಲನ್ನು ತೆಗೆದಿರಿಸಲು ಅಡ್ಡಿಯೇನು?